ಹೊಲಕ್ಕೆ ಮಣ್ಣು ಪರೀಕ್ಷೆ, ಮೈಗೆ ಮಾತ್ರ ಬಾಟ್ಲಿ!

“ಯಾಕೋ ಮೈಯಾಗ ಕಸುವೇ ಇಲ್ರಿ.”

ಕಲಬುರಗಿ ಸೀಮೆಯ ಯಾವ ಊರಿನ ಕಟ್ಟೆಗೆ ಹೋಗಿ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಬೆಳಗ್ಗೆ ಎದ್ದಾಗಲೇ ಸುಸ್ತು. ನಾಲ್ಕು ಸಾಲು ಕಳೆ ತೆಗೆಯುವುದರೊಳಗೆ ಕಣ್ಣಿಗೆ ಕತ್ತಲು. ಮಾಳಿಗೆ ಹತ್ತಿದರೆ ಎದೆ ಡವಡವ. ವಯಸ್ಸಾದವರು ಹೀಗೆ ಹೇಳಿದರೆ ಅದು ವಯಸ್ಸಿನ ಮಾತು ಎನ್ನಬಹುದು. ಇಪ್ಪತ್ತೈದರ ಸೊಸೆ, ಮೂವತ್ತರ ಮಗ ಹೇಳಿದರೆ ಏನನ್ನೋಣ?

ಇದಕ್ಕೆ ನಮ್ಮಲ್ಲಿ ಒಂದು ಸಿದ್ಧ ಉಪಾಯವಿದೆ. ಕಮಲಾಪುರಕ್ಕೋ ಕಲಬುರಗಿಗೋ ಹೋದಾಗ ಯಾವುದಾದರೂ ದವಾಖಾನೆ ಹೊಕ್ಕು, “ಒಂದು ತಾಕತ್ತಿನ ಸೂಜಿ ಮಾಡ್ರಿ, ಒಂದು ಬಾಟ್ಲಿ ಹಚ್ರಿ” ಎನ್ನುವುದು. ಬರುವಾಗ ಔಷಧಿ ಅಂಗಡಿಯಿಂದ ಒಂದು ಟಾನಿಕ್. ಎರಡು ದಿನ ಮೈ ಹಗುರ ಅನ್ನಿಸುತ್ತದೆ. ವಾರ ಕಳೆದರೆ ಮತ್ತೆ ಅದೇ ಹಾಡು.

ನಾನು ವೈದ್ಯನಲ್ಲ, ಒಕ್ಕಲಿಗ. ಆದರೆ ಒಕ್ಕಲುತನ ಬಲ್ಲವನಿಗೆ ಈ ವಿಷಯದಲ್ಲಿ ಎದ್ದು ಕಾಣುವ ಒಂದು ತಪ್ಪು ಲೆಕ್ಕವಿದೆ. ಹೊಲದ ಬೆಳೆ ಸೊರಗಿದರೆ ನಾವು ಕಾರಣ ಕೇಳುತ್ತೇವೆ; ಮನೆಯ ಮಂದಿ ಸೊರಗಿದರೆ ಕಾರಣ ಕೇಳದೆ ಬಾಟ್ಲಿ ಕೇಳುತ್ತೇವೆ. ಇದು ಬದಲಾಗಬೇಕು.

ಬಾಟ್ಲಿಯೊಳಗೆ ಏನಿದೆ?

ಮೊದಲು ಆ ಬಾಟ್ಲಿಯ ಲೇಬಲ್ ಓದೋಣ. ಅರ್ಧ ಲೀಟರಿನ ಗ್ಲುಕೋಸ್ ಬಾಟ್ಲಿಯ ಮೇಲೆ ಶೇ. 5 ಎಂದಿದ್ದರೆ ಅದರಲ್ಲಿರುವ ಸಕ್ಕರೆ 25 ಗ್ರಾಂ, ಅಂದರೆ ಐದು ಚಮಚ. ಶೇ. 0.9ರ ಉಪ್ಪು ನೀರಿನ ಬಾಟ್ಲಿಯಾದರೆ ಅದರಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ಉಳಿದದ್ದೆಲ್ಲ ಶುದ್ಧ ನೀರು. ವಾಂತಿ-ಭೇದಿಯಾಗಿ ಮೈಯ ನೀರು ಬತ್ತಿದವರಿಗೆ, ಬಾಯಿಂದ ಏನೂ ಇಳಿಯದವರಿಗೆ ಅದು ಜೀವ ಉಳಿಸುವ ವಸ್ತು. ಆದರೆ ನಡೆದುಕೊಂಡು ದವಾಖಾನೆಗೆ ಬಂದು, ನಡೆದುಕೊಂಡೇ ಮನೆಗೆ ಹೋಗುವ ನಮ್ಮಂಥವರಿಗೆ? ಒಂದು ತಂಬಿಗೆ ಪಾನಕ ಕುಡಿದಷ್ಟೇ ಫಲ. ಬಿಸಿಲಲ್ಲಿ ದುಡಿದು ನೀರು ಕಳಕೊಂಡವರಿಗೆ ಅದರಿಂದ ಎರಡು ತಾಸು ಹಗುರ ಅನ್ನಿಸಿದರೆ ಆಶ್ಚರ್ಯವೇನೂ ಇಲ್ಲ. ಉಪ್ಪು ಹಾಕಿದ ಮಜ್ಜಿಗೆಯೂ ಆ ಕೆಲಸ ಮಾಡುತ್ತದೆ.

ಕೆಲವೊಮ್ಮೆ ಬಾಟ್ಲಿಗೆ ಹಳದಿ ಔಷಧಿ ಬೆರೆಸುತ್ತಾರೆ. ಅದು ಬಿ-ಕಾಂಪ್ಲೆಕ್ಸ್. ಮೈಗೆ ಬಿ ಗುಂಪಿನ ಜೀವಸತ್ವಗಳ ಕೊರತೆ ಇದ್ದರೆ ಉಪಯೋಗ. ಇಲ್ಲದಿದ್ದರೆ ನೀರಿನಲ್ಲಿ ಕರಗುವ ಈ ಜೀವಸತ್ವಗಳ ಹೆಚ್ಚಿನ ಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮರುದಿನ ಮೂತ್ರ ಗಾಢ ಹಳದಿಯಾಗುವುದು ಇದರಿಂದಲೇ. ಆ ಬಣ್ಣ ಬಿ-2 ಜೀವಸತ್ವದ್ದು. ಕೊಟ್ಟ ರೊಕ್ಕ ಕಣ್ಣೆದುರೇ ಹರಿದು ಹೋದಂತೆ.

ಎಲ್ಲ ಜೀವಸತ್ವಗಳೂ ಹೀಗೆ ಹರಿದು ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಎ ಮತ್ತು ಡಿ ಜೀವಸತ್ವಗಳು ಮೈಯೊಳಗೇ ಸಂಗ್ರಹವಾಗುತ್ತವೆ. ವೈದ್ಯರು ಎಂಟು ವಾರಕ್ಕೆ ಬರೆದುಕೊಟ್ಟ ಡಿ ಜೀವಸತ್ವದ ಪುಡಿಯನ್ನು “ಛಲೋ ಅನ್ನಿಸ್ತದ” ಎಂದು ವರ್ಷಗಟ್ಟಲೆ ನುಂಗಿದರೆ ಅದೇ ವಿಷವಾದೀತು. ಯೂರಿಯಾ ಹೆಚ್ಚಾದರೆ ಬೆಳೆಗೆ ಏನಾಗುತ್ತದೆಂದು ನಮಗೆ ಬೇರೆಯವರು ಹೇಳಿಕೊಡಬೇಕೆ?

ಎಲೆ ಹಳದಿಯಾದಾಗ ನಾವೇನು ಮಾಡುತ್ತೇವೆ?

ನಮ್ಮ ಎರೆ ಹೊಲಗಳಲ್ಲಿ ಸುಣ್ಣದ ಅಂಶ ಹೆಚ್ಚು. ಶೇಂಗಾ, ಜೋಳ, ಕಬ್ಬಿನ ಎಳೆ ಎಲೆಗಳು ಕೆಲವು ಕಡೆ ನರ ಮಾತ್ರ ಹಸಿರಾಗಿ, ಉಳಿದದ್ದು ಬೆಳ್ಳಗೆ-ಹಳದಿಯಾಗುತ್ತವೆ. ಇದು ಕಬ್ಬಿಣದ ಕೊರತೆ. ವಿಚಿತ್ರವೆಂದರೆ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿರುತ್ತದೆ. ಸುಣ್ಣ ಅದನ್ನು ಕಟ್ಟಿಹಾಕಿರುವುದರಿಂದ ಬೇರಿಗೆ ಸಿಗುವುದಿಲ್ಲ. ಆಗ ಏನು ಮಾಡುತ್ತೇವೆ? 15 ಲೀಟರಿನ ಟಾಕಿಗೆ 75 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಜೊತೆಗೆ 15 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಸಿಂಪಡಿಸುತ್ತೇವೆ. ಸಿಟ್ರಿಕ್ ಆಸಿಡ್ ಇಲ್ಲದಿದ್ದರೆ ಲಿಂಬೆ ಹುಳಿ. ಹುಳಿ ಇದ್ದರೆ ಕಬ್ಬಿಣ ಕಟ್ಟಿಕೊಳ್ಳದೆ ಎಲೆಗೆ ದಕ್ಕುತ್ತದೆ.

ನಮ್ಮ ಹೊಟ್ಟೆಯ ಕಥೆಯೂ ಥೇಟ್ ಇದೇ ನೋಡ್ರಿ. ಜೋಳದಲ್ಲಿ ಕಬ್ಬಿಣ ಅದ. ಬೇಳೆಯಾಗ ಅದ. ಸೊಪ್ಪಿನಾಗ ಅದ. ಆದರೆ ಕಾಳು-ಕಡಿಗಳಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಚಹಾದ ಒಗರು ಇನ್ನಷ್ಟು ಕಟ್ಟಿಹಾಕುತ್ತದೆ. ನಮ್ಮ ರೊಟ್ಟಿ-ಬೇಳೆಯ ಊಟದ ಕಬ್ಬಿಣದಲ್ಲಿ 100ಕ್ಕೆ ಸುಮಾರು 8 ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆಂದು ಹಿಡಿದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಮ್ಮ ದಿನದ ಅಗತ್ಯವನ್ನು ಲೆಕ್ಕ ಹಾಕಿದೆ. ಅಲ್ಲಿಯೂ ಬಿಡಿಸುವ ಕೀಲಿಕೈ ಹುಳಿಯೇ. ಲಿಂಬೆ, ಪೇರಲ, ನೆಲ್ಲಿ, ಟೊಮೆಟೊಗಳಲ್ಲಿರುವ ಸಿ ಜೀವಸತ್ವ ಊಟದ ಜೊತೆಗೇ ಹೋದರೆ ಕಬ್ಬಿಣ ಹೆಚ್ಚು ದಕ್ಕುತ್ತದೆ.

ಟಾಕಿಗೆ ಲಿಂಬೆ ಹಿಂಡಲು ಬಲ್ಲ ನಮಗೆ ತಾಟಿಗೆ ಹಿಂಡುವುದು ಕಷ್ಟವೇ?

2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಬಂತು. ಸಾರಜನಕ ಎಷ್ಟು, ಸತು ಎಷ್ಟು, ಕಬ್ಬಿಣ ಎಷ್ಟು ಎಂದು ಬರೆದ ಕಾಗದ ಅನೇಕರ ಮನೆಯ ಟ್ರಂಕಿನಲ್ಲಿದೆ. ತೊಗರಿ ಹೂ ಬಿಡುವ ಹೊತ್ತಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಸಿಂಪಡಿಸುವವರು ಲೀಟರಿಗೆ ಎಷ್ಟು ಗ್ರಾಂ, ಎಷ್ಟು ದಿನಕ್ಕೆ ಎಂದು ಕೇಳಿಯೇ ತರುತ್ತಾರೆ. ಸರಿ. ನಿಮ್ಮ ಹೊಲದ ಸತುವಿನ ಲೆಕ್ಕ ಗೊತ್ತಿದೆಯಲ್ಲ, ನಿಮ್ಮ ಮನೆಯಾಕೆಯ ಹಿಮೋಗ್ಲೋಬಿನ್ ಎಷ್ಟೆಂದು ಗೊತ್ತೆ?

ಅರ್ಧದಷ್ಟು ಹೆಣ್ಣುಮಕ್ಕಳು

ಇದು ಕುಹಕದ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಇಡೀ ದೇಶದ ಲೆಕ್ಕ ಶೇ. 57. ಅಂದರೆ ಕಳೆ ತೆಗೆಯುವ ಸಾಲಿನಲ್ಲಿ ಹತ್ತು ಹೆಂಗಸರಿದ್ದರೆ ಸುಮಾರು ಐವರ ರಕ್ತ ಕಡಿಮೆ. ಅವರು ನಡುನಡುವೆ ಬದುವಿನ ಮೇಲೆ ಕುಳಿತರೆ ನಾವು ‘ಮೈಗಳ್ಳಿ’ ಎನ್ನುತ್ತೇವೆ! ಶ್ವಾಸಕೋಶದಿಂದ ಉಸಿರನ್ನು ಹೊತ್ತು ಮಾಂಸಖಂಡಗಳಿಗೆ ಮುಟ್ಟಿಸುವುದೇ ಹಿಮೋಗ್ಲೋಬಿನ್. ಹೊರುವ ಬಂಡಿಯೇ ಅರ್ಧ ಇದ್ದರೆ ಕೆಲಸ ಪೂರ್ತಿ ಆಗುವುದು ಹೇಗೆ?

ಗಂಡಸರಿಗೆ 13, ಹೆಂಗಸರಿಗೆ 12, ಬಸುರಿಯರಿಗೆ 11 – ಇದಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದು ಲೆಕ್ಕ. ಈ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. ಬೇಕಾದದ್ದು ಒಂದು ಹನಿ ರಕ್ತ, ಅರ್ಧ ದಿನದ ಬಿಡುವು.

ತಾಟಿನ ಲೆಕ್ಕ

ಈಗ ಊಟದ ಲೆಕ್ಕ ಹಾಕೋಣ. 2020ರ ಶಿಫಾರಸಿನಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕು. ತಿಂಗಳು ತಿಂಗಳು ರಕ್ತ ಹೋಗುವುದರಿಂದ ಆಕೆಗೆ ಹೆಚ್ಚು.

ದಿನಕ್ಕೆ 250 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಉಂಡರೆ ಸುಮಾರು 10 ಮಿ.ಗ್ರಾಂ. 50 ಗ್ರಾಂ ತೊಗರಿಬೇಳೆಯಿಂದ 2 ಮಿ.ಗ್ರಾಂ. ಒಟ್ಟು 12. ಆ ಹಿಟ್ಟಿನಲ್ಲಿ ಅರ್ಧ ಬಿಟ್ಟು ಬಿಳಿ ಅನ್ನ ಉಂಡರೆ? ಪಾಲಿಶ್ ಮಾಡಿದ ಅಕ್ಕಿಯ 100 ಗ್ರಾಮಿನಲ್ಲಿ 1 ಮಿ.ಗ್ರಾಂ. ಕಬ್ಬಿಣವೂ ಇಲ್ಲ. ಒಟ್ಟು ಲೆಕ್ಕ 8ಕ್ಕೆ ಇಳಿಯುತ್ತದೆ. ಜೋಳದ ಬದಲು ಸಜ್ಜೆ ಆದರೆ? 250 ಗ್ರಾಮಿಗೆ 15 ಮಿ.ಗ್ರಾಂ. ದಾಟುತ್ತದೆ.

ಪಡಿತರದ ಅಕ್ಕಿಯನ್ನು ನಾನು ಹಳಿಯುವುದಿಲ್ಲ. ಬರಗಾಲದ ವರ್ಷ ಹಸಿದ ಹೊಟ್ಟೆಗಳಿಗೆ ಅದೇ ಆಧಾರವಾದದ್ದನ್ನು ಬಲ್ಲೆವು. ಆದರೆ ಹೊಟ್ಟೆ ತುಂಬುವುದೇ ಬೇರೆ, ರಕ್ತ ತುಂಬುವುದೇ ಬೇರೆ. 2021ರ ನಂತರ ಹಂತಹಂತವಾಗಿ ಪಡಿತರದ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿದ ಕಾಳನ್ನು 100ಕ್ಕೆ 1ರಂತೆ ಬೆರೆಸಿ ಕೊಟ್ಟರು. ಆಗ ಎಷ್ಟೋ ಮನೆಗಳಲ್ಲಿ “ಪ್ಲಾಸ್ಟಿಕ್ ಅಕ್ಕಿ ಬಂದಾದ” ಎಂದು ಅದನ್ನೇ ಆರಿಸಿ ಆರಿಸಿ ಚೆಲ್ಲಿದರು! ಅದು ಅಕ್ಕಿಯ ಹಿಟ್ಟಿನಿಂದಲೇ ಮಾಡಿದ ಕಾಳು. ಯಾವುದನ್ನು ಚೆಲ್ಲಬೇಕು, ಯಾವುದನ್ನು ಉಳಿಸಬೇಕು ಎಂದು ಹೇಳುವವರು ಸಾಲದೆ ಹೋದರು.

ಸಜ್ಜೆಯ ಮಾತು ಬಂದದ್ದರಿಂದ ನಮ್ಮ ಕಸುಬಿಗೆ ಸಂಬಂಧಿಸಿದ ಒಂದು ಸಂಗತಿ. ಪಕ್ಕದ ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸೇರಿ ‘ಧನಶಕ್ತಿ’ ಎಂಬ ಕಬ್ಬಿಣ ಹೆಚ್ಚಿರುವ ಸಜ್ಜೆ ತಳಿಯನ್ನು ಹೊರತಂದವು. ಅಂಥ ಸಜ್ಜೆಯ ಭಾಕರಿಯನ್ನು ಮಹಾರಾಷ್ಟ್ರದ ಹದಿಹರೆಯದ ಮಕ್ಕಳಿಗೆ ಆರು ತಿಂಗಳು ಉಣಿಸಿ ನೋಡಿದಾಗ, ಸಾಮಾನ್ಯ ಸಜ್ಜೆ ಉಂಡವರಿಗಿಂತ ಅವರ ಮೈಯ ಕಬ್ಬಿಣದ ದಾಸ್ತಾನು ಚೆನ್ನಾಗಿ ಏರಿತ್ತು. ಈ ಪ್ರಯೋಗದ ವರದಿ 2015ರಲ್ಲಿ ಪ್ರಕಟವಾಯಿತು. ಮಾತ್ರೆಯಲ್ಲ, ಟಾನಿಕ್ ಅಲ್ಲ, ರೊಟ್ಟಿ! ಯಾವ ಬೀಜ ಬಿತ್ತುತ್ತೇವೆ ಎಂಬುದೂ ಆರೋಗ್ಯದ ಮಾತೇ.

ಅಕ್ಕಡಿ ಹೋಯಿತು, ಪಲ್ಯವೂ ಹೋಯಿತು

ನಮ್ಮ ಹಿರಿಯರಿಗೆ ಜೀವಸತ್ವ ಎಂಬ ಶಬ್ದ ಗೊತ್ತಿರಲಿಲ್ಲ. ಆದರೆ ಅವರ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ತೊಗರಿ, ಜೋಳದ ನಡುವೆ ಪುಂಡಿ, ಎಳ್ಳು, ಗುರೆಳ್ಳು, ಅಗಸಿ, ಮಡಕಿ, ಹೆಸರು, ಅಲಸಂದಿ. ಪೇಟೆಗೆ ಹೋಗುವುದು ಒಂದು ಬೆಳೆ, ಮನೆಗೆ ಬರುವುದು ಹತ್ತು ಬೆಳೆ. ಅಕ್ಕಡಿಯಿಂದಲೇ ವರ್ಷವಿಡೀ ಹಿಂಡಿ. ಅಗಸಿ, ಎಳ್ಳು, ಗುರೆಳ್ಳುಗಳಲ್ಲಿ ಕಬ್ಬಿಣ ಜೋಳಕ್ಕಿಂತ ಹೆಚ್ಚು. ಪುಂಡಿ ಪಲ್ಯದಲ್ಲಿ ಕಬ್ಬಿಣವೂ ಉಂಟು, ಅದನ್ನು ಬಿಡಿಸುವ ಹುಳಿಯೂ ಉಂಟು. ಮಡಕಿ ಕಾಳು ಮೊಳಕೆ ಬರಿಸಿದರೆ ಫೈಟೇಟ್ ಇಳಿದು ಸಿ ಜೀವಸತ್ವ ಹುಟ್ಟುತ್ತದೆ. ಜೋಳದ ಅಂಬಲಿಯನ್ನು ಹುಳಿ ಬರಿಸುವುದರಿಂದಲೂ ಕಟ್ಟು ಸಡಿಲುತ್ತದೆ.

ಈಗ? ಬದುವಿನಿಂದ ಬದುವಿಗೆ ತೊಗರಿಯೊಂದೇ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಹೆಮ್ಮೆಯೇ ಸರಿ. ಆದರೆ ತೊಗರಿ ಚೀಲಗಳೆಲ್ಲ ನೆಹರು ಗಂಜಿಗೆ ಹೋಗಿ, ಅಲ್ಲಿಂದ ಬಂದ ರೊಕ್ಕದಲ್ಲಿ ಮಕ್ಕಳಿಗೆ ಖಾರಿ-ಟೋಸ್ಟು, ಬಣ್ಣದ ಕುರುಕಲು ಪಾಕೀಟು ಬಂದರೆ ಅದೆಂಥ ಲಾಭ? ಇನ್ನು ಹಕ್ಕರಕಿ, ರಾಜಗಿರಿ, ಗೋಳಿ ಸೊಪ್ಪು. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಸಂಜೆ ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ ಪಲ್ಯ ಇದು. ಹೊಲವಿಲ್ಲದ ಮನೆಗೆ ಬಿಟ್ಟಿಯಾಗಿ ಸಿಗುತ್ತಿದ್ದ ಜೀವಸತ್ವ ಅದೊಂದೇ. ಕಳೆನಾಶಕ ಹೊಡೆದಾಗ ಸತ್ತದ್ದು ಕಳೆ ಮಾತ್ರವಲ್ಲ.

ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ ಹೊಲದಲ್ಲಿ ಕುಳಿತು ಉಣ್ಣುವ ಊಟ ನೆನಪು ಮಾಡಿಕೊಳ್ಳಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಹತ್ತಾರು ಸೊಪ್ಪು, ಹಸಿ ಕಾಳು, ಹುಣಸೆ ಹುಳಿ ಸೇರಿದ ಭಜ್ಜಿ ಪಲ್ಯ. ಶೇಂಗಾ ಹೋಳಿಗೆ, ಹಿಂಡಿ, ಅಂಬಲಿ, ಮೊಸರು. ಯಾವ ಆಹಾರ ತಜ್ಞರನ್ನು ಕರೆದು ಕೇಳಿದರೂ ಇದಕ್ಕಿಂತ ಒಳ್ಳೆಯ ಊಟ ಬರೆದುಕೊಡಲಾರರು. ಭೂಮಿತಾಯಿಗೆ ವರ್ಷಕ್ಕೊಮ್ಮೆ ಎಡೆ ಹಿಡಿಯುವ ಈ ಊಟ ಮನೆಯ ತಾಯಿಗೆ ವಾರಕ್ಕೊಮ್ಮೆಯಾದರೂ ಸಿಗಬಾರದೆ?

ಕೆಂಪೆಲ್ಲ ರಕ್ತವಲ್ಲ

ಕಮಲಾಪುರದ ಕೆಂಪು ಬಾಳೆಯ ಮಾತು ಇಲ್ಲಿ ಬಾರದೆ ಇರದು. “ಕೆಂಪು ಬಾಳಿಹಣ್ಣು ತಿಂದರ ರಕ್ತ ಏರ್ತದ” ಎಂದು ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಹಣ್ಣು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಬೀಟ್‌ರೂಟ್, ದಾಳಿಂಬೆಗೂ ಇದೇ ಮಾತು. ಬಣ್ಣ ಕೆಂಪಾದರೆ ರಕ್ತ ಆಗುವುದಿಲ್ಲ. ಸಿಪ್ಪೆಯ ಕೆಂಪಿಗೂ ಕಬ್ಬಿಣಕ್ಕೂ ನಂಟಿಲ್ಲ. ಬಾಳೆಹಣ್ಣಿನ 100 ಗ್ರಾಮಿನಲ್ಲಿ ಅರ್ಧ ಮಿ.ಗ್ರಾಂ. ಕಬ್ಬಿಣವೂ ಇರುವುದಿಲ್ಲ.

ಹಾಗೆಂದು ಹಣ್ಣು ಕೀಳಲ್ಲ. ಅದರಲ್ಲಿ ತಕ್ಷಣ ಸಿಗುವ ಶಕ್ತಿ ಇದೆ, ಪೊಟ್ಯಾಸಿಯಂ ಇದೆ, ಬಿ-6 ಜೀವಸತ್ವ ಇದೆ. ಬೆವರು ಸುರಿಸಿ ಬಂದವನಿಗೆ ಚಹಾ-ಬಿಸ್ಕೀಟಿಗಿಂತ ಎಷ್ಟೋ ಮೇಲು. ನನ್ನ ತಕರಾರು ಬೇರೆ. ಒಂದೂವರೆ ವರ್ಷ ಗೊಬ್ಬರ, ನೀರು ಕೊಟ್ಟು ಗೊನೆ ಬೆಳೆಸಿದವರ ಮನೆಯ ಮಕ್ಕಳಿಗೇ ಹಣ್ಣು ಸಿಗುವುದು ಗೊನೆಯಿಂದ ಉದುರಿದಾಗ ಮಾತ್ರ. ದರ ಚಲೋ ಇದೆ ಎಂದು ಪೂರ್ತಿ ಗೊನೆ ಗಾಡಿಗೆ ಹೋಗುತ್ತದೆ. ಅದೇ ಗಾಡಿಯಲ್ಲಿ ಮರಳಿ ಬರುವುದು ಬಣ್ಣದ ಡಬ್ಬಿಯ ‘ಶಕ್ತಿ ಪುಡಿ’! ಹಣ್ಣು ಮಾರಿ ಪುಡಿ ಕೊಳ್ಳುವ ಈ ವ್ಯಾಪಾರದಲ್ಲಿ ಗೆದ್ದವರು ಯಾರು?

ನಮ್ಮ ಹೊಲದಲ್ಲಿ ಬೆಳೆಯದ ಒಂದು ಜೀವಸತ್ವ

ಎಲ್ಲವೂ ಹೊಲದಲ್ಲೇ ಇದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಬಿ-12 ಎಂಬ ಜೀವಸತ್ವ ಯಾವ ಕಾಳಿನಲ್ಲಿಯೂ ಇಲ್ಲ, ಸೊಪ್ಪಿನಲ್ಲಿಯೂ ಇಲ್ಲ, ಬಾಳೆಯಲ್ಲಿಯೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ಕೊರತೆಯಾದರೆ ರಕ್ತ ಕಡಿಮೆಯಾಗುವುದಷ್ಟೇ ಅಲ್ಲ, ನರಗಳಿಗೂ ಪೆಟ್ಟು. ಅಂಗಾಲು ಉರಿ, ಕೈಕಾಲು ಜೋಮು, ನಾಲಗೆ ಹುಣ್ಣು, ಮರೆವು. ಬಹಳ ದಿನ ಬಿಟ್ಟರೆ ನರದ ಪೆಟ್ಟು ವಾಸಿಯಾಗದೆ ಉಳಿಯಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರಿಗೆ, ಎದೆಯುರಿಗೆ ವರ್ಷಗಟ್ಟಲೆ ಮಾತ್ರೆ ನುಂಗುವವರಿಗೆ ಈ ಕೊರತೆಯ ಭಯ ಹೆಚ್ಚು.

ನಮ್ಮ ಸೀಮೆಯಲ್ಲಿ ಸಸ್ಯಾಹಾರಿ ಮನೆಗಳು ಸಾಕಷ್ಟಿವೆ. ಅಂಥ ಮನೆಗೆ ಬಿ-12ರ ಬಾಗಿಲು ಹಾಲು-ಮೊಸರೊಂದೇ. ದಿನದ ಅಗತ್ಯ ಎರಡು ಮೈಕ್ರೋಗ್ರಾಮಿಗಿಂತ ಸ್ವಲ್ಪ ಹೆಚ್ಚು. 100 ಮಿಲಿ ಹಾಲಿನಲ್ಲಿ ಸಿಗುವುದು 0.4ರಷ್ಟು. ಅಂದರೆ ದಿನಕ್ಕೆ ಅರ್ಧ ಲೀಟರಾದರೂ ಹಾಲು, ಮೊಸರು ಬೇಕು. ಎಮ್ಮೆ ಕಟ್ಟಿದ ಮನೆಯಲ್ಲೂ ಇಷ್ಟು ಉಳಿಯುತ್ತದೆಯೆ? ಡೇರಿಗೆ ಹಾಕಿ ಉಳಿದ ಕಾಲು ಲೀಟರು ಎಂಟು ಮಂದಿಯ ಚಹಾಕ್ಕೆ!

2021ರ ಡಿಸೆಂಬರಿನಲ್ಲಿ ಶಾಲಾ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲು ಸರಕಾರ ಶುರು ಮಾಡಿದ್ದು ಕಲಬುರಗಿ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ಮಕ್ಕಳಲ್ಲಿ ರಕ್ತಹೀನತೆ, ಅಪೌಷ್ಟಿಕತೆ ಇಲ್ಲಿ ಹೆಚ್ಚೆಂಬುದೇ ಕಾರಣ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆಗ ನಾಡಿನಾದ್ಯಂತ ದೊಡ್ಡ ವಾದವೇ ನಡೆಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಒಪ್ಪಂದವಾಗಿ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಯಾರು ಏನು ತಿನ್ನಬೇಕೆಂಬುದು ಅವರವರ ನಂಬಿಗೆ. ಅದಕ್ಕೆ ನಾನು ಕೈ ಹಾಕಲಾರೆ. ಆದರೆ ಲೆಕ್ಕ ಲೆಕ್ಕವೇ. ಮೊಟ್ಟೆಯಲ್ಲಿ ಬಿ-12 ಇದೆ, ಒಳ್ಳೆಯ ಸಸಾರಜನಕ ಇದೆ; ಬಾಳೆಹಣ್ಣಿನಲ್ಲಿ ಅವಿಲ್ಲ. ಬಾಳೆ ಬೆಳೆಯುವ ಸೀಮೆಯವನಾದ ನಾನೇ ಈ ಮಾತು ಹೇಳಬೇಕಾಗಿದೆ. “ನಮ್ಮ ಹುಡುಗನಿಗೆ ಮೊಟ್ಟೆ ಬ್ಯಾಡ” ಎನ್ನುವ ತಂದೆ ಅದೇ ಉಸಿರಿನಲ್ಲಿ “ಮನ್ಯಾಗ ದಿನಾ ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಕೊಡ್ತೀನಿ” ಎಂದೂ ಹೇಳಬೇಕು. ಎರಡೂ ಇಲ್ಲವೆಂದರೆ ಆ ನಂಬಿಗೆಯ ಬೆಲೆ ತೆರುವವನು ಹುಡುಗ.

ಕಡೆಯ ಪಾಲಿನ ಊಟ

ಈಗ ಗಂಡಸರಿಗೆ ತುಸು ಕಹಿ ಮಾತು. ಮನೆಯಲ್ಲಿ ಮೊದಲು ಉಣ್ಣುವವರು ನಾವು, ಆಮೇಲೆ ಮಕ್ಕಳು. ಕಡೆಗೆ ಉಣ್ಣುವವಳು ಅಡುಗೆ ಮಾಡಿದವಳು. ಅಷ್ಟು ಹೊತ್ತಿಗೆ ಬೋಗಾಣಿಯಲ್ಲಿ ಪಲ್ಯ ತಳ ಕಂಡಿರುತ್ತದೆ. ಆಕೆ ಎರಡು ರೊಟ್ಟಿಗೆ ಖಾರ ಹಚ್ಚಿಕೊಂಡು, ಮೇಲೊಂದು ಕಪ್ ಚಹಾ ಕುಡಿದು ಏಳುತ್ತಾಳೆ. 29 ಮಿ.ಗ್ರಾಂ. ಬೇಕಾದವಳಿಗೆ ಸಿಕ್ಕಿದ್ದು ಎಲ್ಲರಿಗಿಂತ ಕಡಿಮೆ. ಆಮೇಲೆ ಆಕೆಗೇ ಸುಸ್ತು ಏಕೆಂದು ಊರೆಲ್ಲ ಅಚ್ಚರಿ!

ಹೊಲದಲ್ಲಿ ಕಾಲುವೆಯ ಕೊನೆಯವನಿಗೆ ನೀರು ಮುಟ್ಟದಿದ್ದರೆ ನಾವು ಜಗಳ ಮಾಡುತ್ತೇವೆ. ಅಡುಗೆಮನೆಯ ಕೊನೆಯವಳ ಪರವಾಗಿ ಯಾರು ಜಗಳ ಮಾಡಬೇಕು? ಎಲ್ಲರೂ ಕೂಡಿ ಕುಳಿತು ಉಣ್ಣುವುದು, ಅಥವಾ ಮೊದಲೇ ಆಕೆಯ ಪಾಲಿನ ಪಲ್ಯ, ಮೊಸರು ಬೇರೆ ತೆಗೆದಿಡುವುದು. ಇದಕ್ಕೆ ಖರ್ಚಿಲ್ಲ, ಮನಸ್ಸು ಬೇಕು.

ಮಾಡಬೇಕಾದದ್ದು ಇಷ್ಟು

ಮೊದಲನೆಯದು ಪರೀಕ್ಷೆ. ತಿಂಗಳಿಗಿಂತ ಹೆಚ್ಚು ಸುಸ್ತು ಇದ್ದರೆ ಹಿಮೋಗ್ಲೋಬಿನ್ ಮತ್ತು ಸಕ್ಕರೆ ನೋಡಿಸಿ. ವೈದ್ಯರು ಹೇಳಿದರೆ ಥೈರಾಯಿಡ್, ಬಿ-12 ಕೂಡ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಕೂಡಲೇ ಆಗಬೇಕು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವುದನ್ನು ಹೆಣ್ಣುಮಕ್ಕಳು ಮುಚ್ಚಿಡಬಾರದು. ಸೋರುವ ಕೆರೆಗೆ ಎಷ್ಟು ನೀರು ಬಿಟ್ಟರೇನು? ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ಊಟದ ಮಾತು ಆಮೇಲೆ, ಮೊದಲು ಆಸ್ಪತ್ರೆ.

ಎರಡನೆಯದು ಮಾತ್ರೆ. ರಕ್ತಹೀನತೆ ಇದ್ದರೆ ಊಟ ಒಂದರಿಂದಲೇ ಬೇಗ ಏರುವುದಿಲ್ಲ. ಕಬ್ಬಿಣದ ಮಾತ್ರೆ ಬೇಕು. ಸರಕಾರಿ ಕೇಂದ್ರಗಳಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ. ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ನುಂಗಿ. ಚಹಾ, ಹಾಲು, ಸುಣ್ಣದ ಅಂಶದ ಮಾತ್ರೆಯ ಜೊತೆಗೆ ಮಾತ್ರ ಬೇಡ. ರಕ್ತ ಸರಿಹೋದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಿದರೆ ದಾಸ್ತಾನು ತುಂಬುತ್ತದೆ. ಮಕ್ಕಳ ಕೈಗೆ ಮಾತ್ರ ಸಿಗದಂತೆ ಇಡಿ. ಸಣ್ಣ ಮಕ್ಕಳು ಒಮ್ಮೆಗೇ ಹೆಚ್ಚು ನುಂಗಿದರೆ ಪ್ರಾಣಕ್ಕೆ ಅಪಾಯ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಕರುಳಿನ ಕೊಕ್ಕೆಹುಳ ರಕ್ತವನ್ನೇ ಹೀರುತ್ತದೆ. ಅದು ತೇವದ ಮಣ್ಣಿನಿಂದ ಬರಿಗಾಲಿನ ಮೂಲಕ ಮೈ ಹೊಗುತ್ತದೆ.

ಮೂರನೆಯದು ತಾಟು. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರವಿರಲಿ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರಡಿಸಿದ ಮಾರ್ಗದರ್ಶಿಯೂ ಇದನ್ನೇ ಹೇಳಿದೆ. ರೊಟ್ಟಿಯ ಪಾಲು ಇಳಿಸಬೇಡಿ. ದಿನಕ್ಕೊಂದು ಸೊಪ್ಪು, ಒಂದು ಕಾಳು, ಒಂದು ಚಮಚ ಹಿಂಡಿ, ಅರ್ಧ ಲಿಂಬೆ ಇರಲಿ.

ನಾಲ್ಕನೆಯದು ಹೊಲ. ಮುಂದಿನ ಮುಂಗಾರಿಗೆ ಎಕರೆಗೆ ನಾಲ್ಕು ಸಾಲಾದರೂ ಅಕ್ಕಡಿ ಬಿತ್ತಿ. ಬದುವಿನಲ್ಲಿ ಒಂದು ಲಿಂಬೆ, ಒಂದು ಪೇರಲ, ಒಂದು ನುಗ್ಗೆ. ಬಚ್ಚಲ ನೀರು ಹರಿಯುವಲ್ಲಿ ರಾಜಗಿರಿ, ಮೆಂತ್ಯ. ಮನೆಗೆ ಬೇಕಾದ ಒಂದು ತುಂಡು ನೆಲಕ್ಕೆ ಕಳೆನಾಶಕ ಹೊಡೆಯಬೇಡಿ.

“ಹಾಲು ಮಾರದಿದ್ದರ ರೊಕ್ಕ ಎಲ್ಲಿಂದ ಬರಬೇಕು? ಅಕ್ಕಡಿ ಹಾಕಿದರ ತೊಗರಿ ಇಳುವರಿ ಕಡಿಮೆ ಆಗೂದಿಲ್ಲೇನು?” ಎಂದು ಕೇಳುವವರಿದ್ದಾರೆ. ನ್ಯಾಯದ ಪ್ರಶ್ನೆ. ಸಣ್ಣ ಹಿಡುವಳಿಯವನಿಗೆ ಪ್ರತಿ ಲೀಟರು, ಪ್ರತಿ ಸೇರು ಲೆಕ್ಕವೇ. ಹಾಗಾದರೆ ಲೆಕ್ಕ ಪೂರ್ತಿ ಮಾಡೋಣ. ಕಳೆದ ಒಂದು ವರ್ಷದಲ್ಲಿ ಬಾಟ್ಲಿ, ಸೂಜಿ, ಟಾನಿಕ್, ಶಕ್ತಿ ಪುಡಿಗೆ ಎಷ್ಟು ಹೋಯಿತು? ದವಾಖಾನೆಗೆ ಹೋದ ದಿನಗಳ ಕೂಲಿ ಎಷ್ಟು ತಪ್ಪಿತು? ಬಸ್ ಚಾರ್ಜು ಎಷ್ಟು? ಒಂದು ಹಾಳೆಯ ಮೇಲೆ ಬರೆಯಿರಿ. ಪಕ್ಕದಲ್ಲಿ ದಿನಕ್ಕೆ ಅರ್ಧ ಲೀಟರು ಹಾಲಿನ ಡೇರಿ ದರ, ನಾಲ್ಕು ಸಾಲು ತೊಗರಿಯ ಬೆಲೆ ಬರೆಯಿರಿ. ಕೂಡಿ ಕಳೆದು ನೋಡಿ. ರೊಕ್ಕದಲ್ಲಿ ಎರಡೂ ಸಮ ಬಂದರೂ, ಒಂದು ಕಡೆ ಗಟ್ಟಿ ಮೈ ಉಳಿಯುತ್ತದೆ, ಇನ್ನೊಂದು ಕಡೆ ಖಾಲಿ ಬಾಟ್ಲಿ.

ರಾಶಿಯಾದ ಮೇಲೆ ಮೊದಲು ಬೀಜಕ್ಕೆ ತೆಗೆದಿಡುವುದು ನಮ್ಮ ರೂಢಿ. ಎಂಥ ಅಡಚಣೆಯಲ್ಲೂ ಬೀಜದ ಕಾಳು ಮಾರುವವನನ್ನು ಊರು ಒಕ್ಕಲಿಗ ಎನ್ನುವುದಿಲ್ಲ. ಮನೆ ಮಂದಿಯ ಪಾಲೂ ಬೀಜದ ಪಾಲಿನಷ್ಟೇ ದೊಡ್ಡದು. ಬೇಳೆಗೆ ಒಂದು ಚೀಲ ತೊಗರಿ, ಗೊನೆಗೆ ಒಂದು ಹಣಿಗೆ ಬಾಳೆ, ದಿನಕ್ಕೆ ಅರ್ಧ ಲೀಟರು ಹಾಲು – ಇದನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಗಾಡಿಗೆ ಏರಿಸಿ.

ನಿಮ್ಮೂರಲ್ಲಿ ಈಗಲೂ ಅಕ್ಕಡಿ ಉಳಿಸಿಕೊಂಡವರಿದ್ದರೆ ಯಾವ ಯಾವ ಕಾಳು, ಯಾವ ಸೊಪ್ಪು, ಎಷ್ಟು ಸಾಲಿಗೆ ಒಂದು ಎಂದು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಬೀಜ ಇದ್ದವರು ಇಲ್ಲದವರಿಗೆ ಒಂದು ಬೊಗಸೆ ಕೊಟ್ಟರೂ ಮುಂಗಾರಿಗೆ ಸಾಕು.